ಬೊಂಬೆಯ ಉಯಿಲು

"ಸ್ವಲ್ಪ ಗಟ್ಟಿಯಾಗಿ ಓದಮ್ಮಾ! ಇಲ್ಲಿ ಹಿಂದೆ ಏನೂ ಕೇಳಿಸ್ತಿಲ್ಲ!"

ಕೊನೆಯ ಬೆಂಚಿನಿಂದ ಬಂದ ಆ ಧ್ವನಿಗೆ ನಾರ್ಸಿಸಾಳ ಕೈಯಲ್ಲಿದ್ದ ಹಾಳೆ ನಡುಗಿತು.

ಬರವಣಿಗೆ ತರಗತಿಯ ಮೊದಲ ದಿನ. ಗ್ವಾಯಾಕಿಲ್ ನಗರದ ಮೇಲೆ ಅಕ್ಟೋಬರಿನ ಮೋಡ ಮುಸುಕಿತ್ತು. ಎಲ್ಲರೂ ತಮ್ಮ ಮನೆಯ ಬಗ್ಗೆ ನಾಲ್ಕು ಸಾಲು ಬರೆದು, ಕೂತಲ್ಲೇ ಎದ್ದು ನಿಂತು ಓದಬೇಕು ಎಂದು ಸೆವಾಯೋಸ್ ಮೇಡಂ ಹಿಂದಿನ ದಿನವೇ ಹೇಳಿ ಕಳಿಸಿದ್ದರು. ನಾಲ್ಕೇ ನಾಲ್ಕು ಸಾಲು! ಅದಕ್ಕೆ ನಾರ್ಸಿಸಾ ಇಡೀ ರಾತ್ರಿ ನಿದ್ದೆಗೆಟ್ಟಿದ್ದಳು.

ಅವಳು ಓದತೊಡಗಿದಳು.

"ನನ್ನ ಅಮ್ಮ ವರ್ಷವಿಡೀ ಮನುಷ್ಯರನ್ನು ಮಾಡುತ್ತಾಳೆ. ಹಳೇ ಪೇಪರು, ಹಿಟ್ಟಿನ ಅಂಟು, ಮರದ ಪುಡಿ... ಇಷ್ಟರಲ್ಲೇ ಅವರಿಗೆ ಕಣ್ಣು ಮೂಗು ಮೂಡುತ್ತದೆ. ವರ್ಷದ ಕೊನೆಯ ರಾತ್ರಿ ಊರು ಅವರನ್ನೆಲ್ಲ ಬೀದಿಯಲ್ಲಿಟ್ಟು ಸುಡುತ್ತದೆ..."

ಮೂರು ಸಾಲು ಆಯಿತು. ನಾಲ್ಕನೆಯದು ಬರಲಿಲ್ಲ.

ಹಾಳೆಯ ಮೇಲೆ ಅಕ್ಷರ ಇತ್ತು. ಗಂಟಲಲ್ಲಿ ದನಿ ಇರಲಿಲ್ಲ. ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಕಿವಿಯ ತುದಿ ಕೆಂಡದ ಹಾಗೆ ಕಾಯಿತು.

ಆಗ ಅದೇ ಧ್ವನಿ ಮತ್ತೆ ಬಂತು.

"ಅಯ್ಯೋ, ಇವಳನ್ನೂ ಅವರಮ್ಮನೇ ಪೇಪರಲ್ಲಿ ಮಾಡಿರ್ಬೇಕು ಕಣ್ರೋ! ಹೊಟ್ಟೆ ತುಂಬ ಮರದ ಪುಡಿ, ಬಾಯಿ ಬರೀ ಬಣ್ಣ!"

ತರಗತಿ ಬಿದ್ದು ಬಿದ್ದು ನಕ್ಕಿತು.

ನಾರ್ಸಿಸಾ ತಿರುಗಿ ನೋಡಿದಳು. ಗುಂಗುರು ಕೂದಲು, ಹಳದಿ ಅಂಗಿ, ಮುಖದ ತುಂಬ ನಗು. ಹೆಸರು ಜೋಫ್ರೆ ಅವಿಲೇಸ್. ಕಾಲೇಜು ರೇಡಿಯೋಗೆ ಹೊಸ ನಿರೂಪಕ ಬೇಕಾಗಿದೆ, ಅದು ಇವನಿಗೇ ಸಿಗುತ್ತದೆ ಎಂದು ಎಲ್ಲರೂ ಆಗಲೇ ಮಾತಾಡಿಕೊಳ್ಳುತ್ತಿದ್ದರು. ಅಂಥ ಕಂಠ ಅವನದು! ಆ ಕಂಠವೇ ಅವಳ ನಾಲ್ಕನೇ ಸಾಲನ್ನು ತುಳಿದುಹಾಕಿತ್ತು.

ಕಣ್ಣು ತುಂಬಿ ಬಂತು. ಪಕ್ಕದ ಸೀಟಿನ ಹುಡುಗಿ ಮೆಲ್ಲಗೆ ಒಂದು ಟಿಶ್ಯೂ ಕಾಗದ ಚಾಚಿದಳು. ಕೈಬೆರಳಲ್ಲಿ ಹಸಿರು ಕಲ್ಲಿನ ಉಂಗುರ.

"ತಲೆ ಕೆಡಿಸ್ಕೋಬೇಡ ಕಣೇ. ನಾನು ಕತಿಯುಸ್ಕಾ. ಅವನು ಯಾವಾಗ್ಲೂ ಹಾಗೇ, ಬಾಯಿಬಡುಕ."

ನಾರ್ಸಿಸಾಗೆ ಆ ಟಿಶ್ಯೂ ದೇವರು ಕೊಟ್ಟ ಹಾಗಿತ್ತು.

ಸಂಜೆಯ ಹೊತ್ತಿಗೆ ಅವಳ ಅವಮಾನ ಎಲ್ಲರ ಫೋನಿಗೂ ತಲುಪಿತ್ತು. ಯಾರೋ ವಿಡಿಯೋ ಮಾಡಿ 'ಕಾಗದದ ಬೊಂಬೆ' ಎಂದು ಹೆಸರಿಟ್ಟು ಹರಿಬಿಟ್ಟಿದ್ದರು.

"ಇನ್ಯಾರು ಮಾಡ್ತಾರೆ? ಆ ಜೋಫ್ರೆನೇ," ಕತಿಯುಸ್ಕಾ ಫೋನಿನಲ್ಲಿ ಹೇಳಿದಳು. "ನೀನು ಮಾತ್ರ ಅದನ್ನ ನೋಡ್ಬೇಡ. ನೋಡಿದ್ರೆ ನಿಂಗೇ ಸಂಕಟ. ಪ್ರಾಮಿಸ್ ಮಾಡು."

ನಾರ್ಸಿಸಾ ಮಾತು ಕೊಟ್ಟಳು. ಮಾತು ಕೊಡುವುದೇನೂ ಕಷ್ಟವಾಗಲಿಲ್ಲ. ತೆರೆದ ಬಾಯಿಯ ಆ ಮುಖವನ್ನು ನೋಡುವ ಧೈರ್ಯ ಅವಳಿಗೂ ಇರಲಿಲ್ಲ.

ಮರುದಿನ ಬಸ್ ನಿಲ್ದಾಣದಲ್ಲಿ ಗುರುತೇ ಇಲ್ಲದ ಹುಡುಗರು, "ಏಯ್ ಬೊಂಬೆ! ಹುಷಾರು, ಬೆಂಕಿ ಹತ್ರ ಹೋಗ್ಬೇಡ!" ಎಂದು ಕೂಗಿದರು.

ಬೊಂಬೆಗಳ ಬೀದಿಯಲ್ಲಿ ಅಮ್ಮನ ಅಂಗಡಿ. ದಿಗ್ನಾ ಒಂದು ದೊಡ್ಡ ರಟ್ಟಿನ ತಲೆಗೆ ಅಂಟು ಬಳಿಯುತ್ತಿದ್ದಳು. ಮೊಣಕೈವರೆಗೂ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು.

"ಯಾಕೆ ಮಗಳೇ, ಮುಖ ಹಿಂಗಾಗಿದೆ? ಯಾರಾದ್ರೂ ಏನಾದ್ರೂ ಅಂದ್ರಾ?"

"ಏನಿಲ್ಲಮ್ಮ. ಹಸಿವು."

ಅಮ್ಮ ಕರಿದ ಬಾಳೆಕಾಯಿಯ ತಟ್ಟೆ ಮುಂದೆ ಸರಿಸಿದಳು. ನಾರ್ಸಿಸಾ ಒಂದು ತುಂಡು ಬಾಯಿಗಿಟ್ಟಳು. ಉಪ್ಪು ಬಾಳೆಕಾಯಿಯದೋ, ಕಣ್ಣೀರಿನದೋ ತಿಳಿಯಲಿಲ್ಲ.

ಎದುರಿಗೆ ಸಾಲಾಗಿ ನಿಂತ ಬೊಂಬೆಗಳಿಗೆ ಇನ್ನೂ ಮುಖ ಬಂದಿರಲಿಲ್ಲ. ಅವುಗಳಲ್ಲೊಂದಕ್ಕೆ ಅವಳು ಮನಸ್ಸಿನಲ್ಲೇ ಗುಂಗುರು ಕೂದಲು ಅಂಟಿಸಿದಳು. ಹಳದಿ ಅಂಗಿ ತೊಡಿಸಿದಳು.

'ನಿನ್ನನ್ನ ಸುಡ್ತೀನಿ ಜೋಫ್ರೆ... ಎಲ್ಲರೂ ನನ್ನ ನೋಡಿ ನಕ್ಕರಲ್ಲ, ಅವರೆಲ್ಲರ ಮುಂದೆಯೇ ನಿನ್ನನ್ನ ಸುಡ್ತೀನಿ!'

ಬದುಕಿನಲ್ಲಿ ಮೊದಲ ಸಲ ಅವಳಿಗೆ ಒಂದು ಗುರಿ ಸಿಕ್ಕಿತ್ತು.

*

ದಾರಿಯನ್ನೂ ಸೆವಾಯೋಸ್ ಮೇಡಂ ಅವರೇ ತೋರಿಸಿದರು.

"ಇನ್ಮೇಲೆ ಒಬ್ಬೊಬ್ಬರೂ ಒಂದೊಂದು ಬ್ಲಾಗ್ ಶುರು ಮಾಡ್ಬೇಕು. ವಾರಕ್ಕೊಂದು ಬರಹ. ಜೊತೆಗೆ ಪ್ರತಿ ವಾರ ಇನ್ನೊಬ್ಬರ ಬರಹಕ್ಕೆ ಒಂದು ಕಾಮೆಂಟ್. ಹೆಸರು ಹಾಕಿಯೇ ಬರೀಬೇಕು! ಮರೆಯಲ್ಲಿ ನಿಂತು ಕಲ್ಲು ಹೊಡೆಯೋರು ನನ್ನ ಕ್ಲಾಸಿಗೆ ಬೇಡ."

ಆಮೇಲೆ ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಡಿಸೆಂಬರ್ ರಜೆಗೆ ಮುಂಚೆ ಅಂಗಳದಲ್ಲಿ ನಮ್ಮ ಕ್ಲಾಸಿನ ಹಳೇವರ್ಷದ ಬೊಂಬೆ ಸುಡ್ತೀವಿ. ಯಾರ ಬ್ಲಾಗಿಗೆ ಹೆಚ್ಚು ಓಟು ಬೀಳುತ್ತೋ ಅವರೇ ಬೊಂಬೆಯ ಉಯಿಲು ಬರೀಬೇಕು. ಬರೆದವರೇ ಓದ್ಬೇಕು. ಡೀನ್ ಕೂಡ ಬರ್ತಾರೆ."

ನಾರ್ಸಿಸಾಳ ಬೆನ್ನು ನೆಟ್ಟಗಾಯಿತು.

ಉಯಿಲು! ಸಾಯುವ ವರ್ಷ ಸುಟ್ಟುಹೋಗುವ ಮುನ್ನ ತನ್ನ ಆಸ್ತಿ ಹಂಚುತ್ತದೆ. ಪಕ್ಕದ ಮನೆಯ ಜಿಪುಣನಿಗೆ ತೂತು ಜೇಬು, ಸುಳ್ಳುಗಾರನಿಗೆ ಉದ್ದ ಮೂಗು... ಅದರಲ್ಲಿ ಯಾರ ಹೆಸರು ಬಂದರೂ ಅವರು ಸಿಟ್ಟಾಗುವಂತಿಲ್ಲ, ಎದ್ದು ಹೋಗುವಂತಿಲ್ಲ. ನಿಂತು ನಗಲೇಬೇಕು. ಊರಿನ ಕಟ್ಟಳೆ ಅದು.

'ಜೋಫ್ರೆ, ನೀನೂ ನಗ್ತೀಯ. ಹಲ್ಲು ಕಚ್ಚಿಕೊಂಡು ನಗ್ತೀಯ.'

ಅವಳು ತನ್ನ ಬ್ಲಾಗಿಗೆ 'ಬಾಯಿ ಬರೀ ಬಣ್ಣ' ಎಂದು ಹೆಸರಿಟ್ಟಳು. ಅವನ ಮಾತೇ ಅವನಿಗೆ ಬಾಣ!

ಮೊದಲ ಬರಹವನ್ನು ಹಲ್ಲುಮುಡಿ ಕಚ್ಚಿ ಬರೆದಳು. ಹಂದಿ, ಹಾವು, ಹೊಲಸು ಕಾಲುವೆ... ಗೊತ್ತಿದ್ದ ಬೈಗುಳವನ್ನೆಲ್ಲ ಹಳದಿ ಅಂಗಿಯ ಒಬ್ಬನ ಮೇಲೆ ಸುರಿದಳು. ಯಾರೂ ಓದಲಿಲ್ಲ. ಒಂದೇ ಒಂದು ಕಾಮೆಂಟ್ ಬಂತು.

"ಬೈಗುಳ ಜಾಸ್ತಿ ಆಯ್ತು. ನನ್ನನ್ನ ಹಂದಿ ಅಂದ್ರೆ ಯಾರೂ ನಗಲ್ಲ. ನಾನು ಹೆಂಗೆ ಹಂದಿ ಅಂತ ತೋರಿಸು, ಆಗ ನಗ್ತಾರೆ. — ಜೋಫ್ರೆ ಅವಿಲೇಸ್."

ನಾರ್ಸಿಸಾಗೆ ಫೋನನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು. 'ಎಷ್ಟು ಸೊಕ್ಕು! ಮಾಡೋದೆಲ್ಲ ಮಾಡಿ ಈಗ ಪಾಠ ಬೇರೆ ಹೇಳ್ಕೊಡ್ತಾನೆ!'

ಸಿಟ್ಟು ಇಳಿದ ಮೇಲೆ ತನ್ನ ಬರಹವನ್ನು ಮತ್ತೊಮ್ಮೆ ಓದಿದಳು.

ಅವನು ಹೇಳಿದ್ದು ನಿಜವಾಗಿತ್ತು. ಅದೇ ಅವಳಿಗೆ ಇನ್ನೂ ಉರಿಯಿತು.

ಅಂದಿನಿಂದ ಅವಳು ಅವನನ್ನು ಗಮನಿಸತೊಡಗಿದಳು. ಬಸ್ಸಿನ ಕಿಟಕಿ ಗಾಜಿನಲ್ಲಿ ಅವನು ಗುಂಗುರು ತೀಡಿಕೊಳ್ಳುವುದು. ಬೆಳಗಿನ ಮೀನು ಸಾರಿನ ಗಾಡಿಯ ಮುಂದೆ ನಿಂತು, ಸಾರನ್ನು ತಾನೇ ಕುದಿಸಿದವನ ಹಾಗೆ ಎಲ್ಲರಿಗೂ "ನಿಂಬೆ ಹಿಂಡ್ಕೊಳ್ಳಿ, ಈರುಳ್ಳಿ ಹಾಕ್ಕೊಳ್ಳಿ" ಎಂದು ಉಪದೇಶ ಮಾಡುವುದು. ಯಾರೂ ಕೇಳದಿದ್ದರೂ ರೇಡಿಯೋ ದನಿಯಲ್ಲಿ ಹವಾಮಾನ ಹೇಳುವುದು. ಎಲ್ಲವನ್ನೂ ಹೆಕ್ಕಿ ಹೆಕ್ಕಿ ಬರೆದಳು.

'ಮೀನು ಸಾರಿನ ಮಹಾರಾಜ' ಎಂಬ ಆ ಬರಹ ಕಾಲೇಜೆಲ್ಲ ಸುತ್ತಿತು. ಕ್ಯಾಂಟೀನಿನಲ್ಲಿ ಅವನು ನಿಂಬೆಹಣ್ಣು ಮುಟ್ಟಿದರೆ ಸಾಕು, ಸುತ್ತಲೂ ನಗು.

"ನೋಡಿದ್ಯಾ? ಮುಖ ಎಲ್ಲಿಟ್ಕೊಳ್ಳೋದು ಅಂತ ಗೊತ್ತಾಗ್ತಿಲ್ಲ ಅವನಿಗೆ!" ಕತಿಯುಸ್ಕಾ ಚಪ್ಪಾಳೆ ತಟ್ಟಿದಳು. "ಬಿಡ್ಬೇಡ ಕಣೇ, ಇನ್ನೂ ಹಾಕು!"

ನಾರ್ಸಿಸಾಗೆ ಹೊಟ್ಟೆ ತಣ್ಣಗಾದ ಹಾಗಾಯಿತು. ಸೇಡಿಗೂ ಒಂದು ರುಚಿ ಇದೆ ಎಂದು ಆವತ್ತೇ ಗೊತ್ತಾದದ್ದು.

ಕೆಳಗೆ ಅವನ ಕಾಮೆಂಟ್ ಇತ್ತು.

"ಈಗ ಸರಿಯಾಯ್ತು. ನಮ್ಮಮ್ಮ ಓದಿ ಹೊಟ್ಟೆ ಹಿಡ್ಕೊಂಡು ನಕ್ಕಳು. ಒಂದೇ ತಪ್ಪು, ನಾನು ನಿಂಬೆ ಹಿಂಡೋದು ಎಡಗೈಲಿ. — ಜೋಫ್ರೆ ಅವಿಲೇಸ್."

ಯಾಕೋ ತುಟಿಯ ಕೊನೆ ಸ್ವಲ್ಪ ಅಲುಗಿತು. ಕೂಡಲೇ ಅವಳು ತುಟಿ ಕಚ್ಚಿಕೊಂಡಳು. 'ಛೀ! ನಗ್ತಿದ್ದೀಯಾ? ಅವನ ಮಾತಿಗಾ?'

ಹೀಗೇ ವಾರಗಳು ಉರುಳಿದವು. ಅವಳು ಕಡ್ಡಿ ಗೀರುವಳು, ಅವನು ಎಲ್ಲಿ ಹೊತ್ತಿಕೊಂಡಿಲ್ಲವೆಂದು ತೋರಿಸುವನು. "ಇಲ್ಲಿ ಎರಡು ವಾಕ್ಯ ಹೆಚ್ಚಾಗಿದೆ." "ಈ ಕೊನೆಯ ಸಾಲು ಚುಚ್ಚಿತು, ಸತ್ಯವಾಗಿ." "ಈ ಸಲ ನನ್ನ ಮೇಲೆ ಕರುಣೆ ಬಂದ ಹಾಗಿದೆ, ಹುಷಾರು."

ಅವಳ ವಾಕ್ಯಗಳು ಸಪೂರವಾದವು, ಹರಿತವಾದವು. ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸೊಬ್ಬರು ಕೈ ಹಿಡಿದು, "ಬಣ್ಣದ ಬಾಯಿ ಬ್ಲಾಗಿನೋಳು ನೀನೇನಾ ಮಗಳೇ? ನನ್ನ ಗಂಡನ ಮೇಲೂ ಒಂದು ಬರಿ!" ಎಂದು ನಕ್ಕರು. ತರಗತಿಯಲ್ಲಿ ಮೇಡಂ ಏನೋ ಕೇಳಿದಾಗ ಉತ್ತರ ಹೇಳಿದ ದನಿ ತನ್ನದೇ ಎಂದು ತಿಳಿದು ಅವಳಿಗೇ ಆಶ್ಚರ್ಯವಾಯಿತು.

ಆದರೆ ಬರಹ ಹಾಕಿದ ಮೇಲೆ ಅವಳು ಮೊದಲು ಹುಡುಕುತ್ತಿದ್ದದ್ದು ಒಂದೇ ಹೆಸರನ್ನು. ಅದು ಕಾಣುವವರೆಗೂ ಊಟ ರುಚಿಸುತ್ತಿರಲಿಲ್ಲ. ಅದಕ್ಕಾಗಿ ಅವಳು ಅವನನ್ನು ಇನ್ನಷ್ಟು ದ್ವೇಷಿಸಿದಳು!

ಒಂದು ಮಧ್ಯಾಹ್ನ ಅವನೇ ಅವಳ ಮೇಜಿನ ಬಳಿ ಬಂದು ನಿಂತ. ಆ ರೇಡಿಯೋ ಕಂಠ ಎಲ್ಲೋ ಅಡಗಿತ್ತು.

"ನಾರ್ಸಿಸಾ... ಆವತ್ತಿನ ವಿಷಯ... ನಾನು..."

ಅವಳು ತಲೆ ಎತ್ತಿದಳು. ಎಷ್ಟು ದಿನದಿಂದ ಈ ಗಳಿಗೆಗಾಗಿ ಕಾದಿದ್ದಳು!

"ಸ್ವಲ್ಪ ಗಟ್ಟಿಯಾಗಿ ಮಾತಾಡು ಜೋಫ್ರೆ. ಏನೂ ಕೇಳಿಸ್ತಿಲ್ಲ."

ಸುತ್ತ ಕೂತವರು 'ಓಹೋ!' ಎಂದರು. ಅವನ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಥೇಟ್ ಅವಳ ಹಾಗೆಯೇ.

ಅವನು ಸುಮ್ಮನೆ ತಲೆ ಆಡಿಸಿ ಹೊರಟುಹೋದ.

ಗೆದ್ದೆ ಎಂದುಕೊಂಡಳು ನಾರ್ಸಿಸಾ. ಗೆದ್ದವಳ ಎದೆ ಯಾಕೆ ಹೀಗೆ ಭಾರವಾಗಿದೆ ಎಂದು ಮಾತ್ರ ತಿಳಿಯಲಿಲ್ಲ.

*

ಡಿಸೆಂಬರಿನಲ್ಲಿ, ಆ ಸೀಮೆಯ ರೂಢಿಯಂತೆ, ಸೆಖೆ ವಾಪಸು ಬಂತು. ಓಟು ನಡೆಯಿತು. ಉಯಿಲು ಬರೆಯುವವಳು ನಾರ್ಸಿಸಾ!

"ಸತ್ತ ಬೊಂಬೆಗೆ ಒಬ್ಬ ಹೆಂಡತಿ ಬೇಕಲ್ಲ. ಸೀರಿಯಸ್ಸಾಗಿ ಅಳೋರು ಯಾರಿದ್ದೀರಿ?" ಮೇಡಂ ಕೇಳಿದರು. ಪ್ರತಿವರ್ಷ ಯಾರಾದರೂ ಹುಡುಗ ಕರಿ ಉಡುಪು ತೊಟ್ಟು, ತುಟಿಗೆ ಕೆಂಪು ಬಳಿದುಕೊಂಡು ವಿಧವೆಯಾಗಿ ಎದೆ ಬಡಿದುಕೊಳ್ಳಬೇಕು.

"ನಾನು ಮೇಡಂ," ಎಂದ ಜೋಫ್ರೆ. "ನನ್ನ ಬೊಂಬೆಗೆ ನಾನೇ ಅಳ್ತೀನಿ. ಬೇರೆಯವರಿಗೆ ಯಾಕೆ ತೊಂದ್ರೆ?"

ಎಲ್ಲರೂ ನಕ್ಕರು. ಬೊಂಬೆ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ.

ಅಂದು ಸಂಜೆ ಕತಿಯುಸ್ಕಾ ಅವಳ ಪಕ್ಕ ಬಂದು ಕೂತಳು. "ಉಯಿಲಲ್ಲಿ ಆ ವಿಡಿಯೋ ವಿಷಯ ಹಾಕ್ಲೇಬೇಕು ಕಣೇ. ಹೆಸರು ಸಮೇತ! ಡೀನ್ ಎದುರಿಗೇ ಕೂತಿರ್ತಾರೆ. ಹುಡುಗಿ ಅಳೋದನ್ನ ವಿಡಿಯೋ ಮಾಡಿದವನಿಗೆ ರೇಡಿಯೋ ಕೊಡ್ತಾರಾ? ಮುಗೀತು ಅವನ ಕಥೆ!"

"ಅವನು ಬಿಟ್ರೆ ಇನ್ಯಾರಿಗೆ ಸಿಗುತ್ತೆ?"

"ಅಯ್ಯೋ, ಅದೆಲ್ಲ ಯಾರಿಗೆ ಗೊತ್ತು..." ಕತಿಯುಸ್ಕಾ ಉಂಗುರ ತಿರುಗಿಸುತ್ತ ನಕ್ಕಳು. "ಅರ್ಜಿ ನಾನೂ ಹಾಕಿದ್ದೀನಿ, ಸುಮ್ನೆ."

ನಾರ್ಸಿಸಾ ಬರೆದಳು. ಇಷ್ಟು ದಿನ ಮಸೆದ ಕತ್ತಿಯನ್ನು ಪೂರ್ತಿ ಹೊರಗೆಳೆದಳು. ಆ ಉಯಿಲು ಓದಿ ಮುಗಿಸಿದರೆ ಜೋಫ್ರೆ ಅವಿಲೇಸ್ ಎಂಬುವನು ಆ ಅಂಗಳದಲ್ಲಿ ಮತ್ತೆ ತಲೆ ಎತ್ತುವಂತಿರಲಿಲ್ಲ.

ಮರುದಿನ ಅಂಗಡಿಗೆ ಬಂದಾಗ ಅಮ್ಮ ಒಂದು ಬೊಂಬೆಯನ್ನು ಮಡಿಲಲ್ಲಿಟ್ಟುಕೊಂಡು ಅಂಗಿಯ ಗುಂಡಿ ಹಾಕುತ್ತಿದ್ದಳು. ಹಳದಿ ಅಂಗಿ!

"ಇದೆಲ್ಲಿಂದ ಬಂತಮ್ಮಾ?"

"ಒಬ್ಬ ಹುಡುಗ ಬಂದಿದ್ದ. 'ದಿಗ್ನಾ ಅಮ್ಮಾವ್ರೇ, ನಿಮ್ಮ ಮಗಳು ನನ್ನ ಬೊಂಬೆ ಸುಡ್ತಾಳೆ. ಬೇರೆಯವರ ಬಟ್ಟೆ ಹಾಕಿದ್ರೆ ನನ್ನ ಹಾಗೆ ಕಾಣಲ್ಲ, ಇದನ್ನ ಹಾಕಿ' ಅಂತ ಚೀಲ ಕೊಟ್ಟ. ಕೊಟ್ಟು ಹೋಗ್ಬಾರ್ದಾ? ಕೂತು ತನ್ನ ಹೊಟ್ಟೆಗೆ ತಾನೇ ಪೇಪರ್ ತುರುಕಿದ! 'ಸ್ವಲ್ಪ ಕಮ್ಮಿ ತುಂಬಪ್ಪಾ, ನೀನು ಇಷ್ಟು ದಪ್ಪ ಇಲ್ಲ' ಅಂದೆ. 'ತುಂಬ್ಲಿ ಬಿಡಿ, ಚೆನ್ನಾಗಿ ಉರಿಯುತ್ತೆ' ಅಂದ. ಯಾರು ಮಗಳೇ ಅವನು?"

"ಯಾರೂ ಅಲ್ಲ."

"ಯಾರೂ ಅಲ್ಲದೋರು ಸುಡಿಸ್ಕೊಳ್ಳೋಕೆ ಒಗೆದು ಇಸ್ತ್ರಿ ಮಾಡಿದ ಅಂಗಿ ತಂದ್ಕೊಡ್ತಾರಾ?"

"ನಾಟಕ ಅಮ್ಮಾ! ಎಲ್ಲ ನಾಟಕ!"

ಅಮ್ಮ ಒಳಗೆ ಹೋದ ಮೇಲೆ ನಾರ್ಸಿಸಾ ಆ ಅಂಗಿಯ ತೋಳು ಮುಟ್ಟಿದಳು. ಸೋಪಿನ ವಾಸನೆ. ಮೊದಲ ದಿನದ ಅದೇ ಅಂಗಿ.

'ಯಾಕೆ ಜೋಫ್ರೆ? ಜಗಳ ಆಡು, ಬೈ, ಏನಾದ್ರೂ ಮಾಡು... ಹೀಗೆ ಕುತ್ತಿಗೆ ಮುಂದೆ ಮಾಡಿ ನಿಂತ್ರೆ ನಾನು ಹೇಗೆ ಹೊಡೀಲಿ?'

ಆದರೆ ಉಯಿಲಿನ ಒಂದಕ್ಷರವನ್ನೂ ಅವಳು ಬದಲಿಸಲಿಲ್ಲ.

*

ಆ ದಿನ ಬಂತು. ಸಂಜೆಯ ಬಿಸಿಲು ಅಂಗಳದಲ್ಲಿ ಇನ್ನೂ ಇತ್ತು. ಕುರ್ಚಿಗಳು, ಮೈಕು, ಜನ. ಮೆಟ್ಟಿಲ ಮೇಲೆ ಒಬ್ಬಳೇ ಕೂತ ನಾರ್ಸಿಸಾಳ ಕೈ ಮತ್ತೆ ನಡುಗತೊಡಗಿತು. ಅದೇ ಜನ... ಅದೇ ಕಿವಿಗಳು... ಗಂಟಲು ಮತ್ತೆ ಕಟ್ಟಿದರೆ?

'ಆ ಮುಖಕ್ಕೆ ಇಷ್ಟೊಂದು ಹೆದರ್ತೀನಲ್ಲ, ಅದನ್ನ ಒಂದು ಸಲವಾದ್ರೂ ನೋಡಿದ್ದೀನಾ?'

ಇಲ್ಲ. ಊರೆಲ್ಲ ನೋಡಿತ್ತು. ಅವಳೊಬ್ಬಳೇ ನೋಡಿರಲಿಲ್ಲ.

ಫೋನ್ ತೆಗೆದಳು. ಹುಡುಕಿದಳು. ಉಸಿರು ಬಿಗಿಹಿಡಿದು ಒತ್ತಿದಳು.

ಪರದೆಯ ಮೇಲೆ ಹಾಳೆ ಹಿಡಿದ ಒಬ್ಬ ಹುಡುಗಿ. ಅಷ್ಟೇ. ರಾಕ್ಷಸಿಯಲ್ಲ, ಬೊಂಬೆಯಲ್ಲ. ಹೆದರಿದ ಒಬ್ಬ ಹುಡುಗಿ. 'ಪಾಪ...' ಅನಿಸಿತು ಅವಳಿಗೆ. ತನ್ನ ಮೇಲೇ ಮೊದಲ ಸಲ ಅಕ್ಕರೆ ಬಂತು.

ಆಮೇಲೆ ಅವಳ ಕಣ್ಣು ಹುಡುಗಿಯ ಹಿಂದಕ್ಕೆ ಹೋಯಿತು.

ಕೊನೆಯ ಬೆಂಚು. ಹಳದಿ ಅಂಗಿ. ಜೋಫ್ರೆ!

ಅವನು ವಿಡಿಯೋದ ಒಳಗಿದ್ದ. ಎರಡೂ ಕೈ ಮೇಲೆತ್ತಿ ನಗುತ್ತಿದ್ದ. ಕೈಯಲ್ಲಿ ಫೋನೂ ಇಲ್ಲ, ಏನೂ ಇಲ್ಲ.

ಹುಡುಗಿಯ ಕಣ್ಣು ತುಂಬಿತು. ಹಿಂದೆ ಅವನ ನಗು ನಿಂತಿತು. ಅರ್ಧ ಎದ್ದ. ಎಲ್ಲರ ಗದ್ದಲದ ನಡುವೆ ಅವನ ಬಾಯಿ ಏನೋ ಹೇಳಿತು. ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ಮತ್ತೆ ಕೇಳಿದಳು.

"ಸಾಕು ಕಣ್ರೋ... ಏಯ್, ಸಾಕು... ಅಳ್ತಿದ್ದಾಳೆ..."

ಹಾಗಾದರೆ ಇದನ್ನು ಮಾಡಿದ್ದು ಯಾರು?

ಉತ್ತರ ಕೊನೆಯಲ್ಲಿತ್ತು. ಕ್ಯಾಮೆರಾದ ಈಚೆ ಬದಿಯಿಂದ ಒಂದು ಕೈ ಮುಂದೆ ಚಾಚಿತು. ಕೈಯಲ್ಲಿ ಟಿಶ್ಯೂ. ಬೆರಳಲ್ಲಿ ಹಸಿರು ಕಲ್ಲಿನ ಉಂಗುರ.

ಒಂದು ಕೈಯಲ್ಲಿ ವಿಡಿಯೋ. ಇನ್ನೊಂದು ಕೈಯಲ್ಲಿ ಕಣ್ಣೀರೊರೆಸುವ ಕಾಗದ!

"ನಾರ್ಸಿಸಾ ತೊಮಾಲಾ!" ಮೈಕಿನಲ್ಲಿ ಹೆಸರು ಕೂಗಿದರು.

ಅವಳು ಎದ್ದಳು. ಕೈ ನಡುಗುತ್ತಿರಲಿಲ್ಲ.

ಅಂಗಳದ ನಡುವೆ ಹಳದಿ ಅಂಗಿಯ ಬೊಂಬೆ ಕುರ್ಚಿಯಲ್ಲಿ ಒರಗಿತ್ತು. ಅದರ ಕಾಲು ಹಿಡಿದು ಕರಿ ಉಡುಪಿನ ವಿಧವೆ ಹೊರಳಾಡುತ್ತಿದ್ದಳು.

"ಅಯ್ಯೋ ನನ್ನ ಗಂಡಾ! ಈ ವಯಸ್ಸಲ್ಲಿ ನನ್ನ ಬಿಟ್ಟು ಹೋದ್ಯಲ್ಲೋ! ಇನ್ಮೇಲೆ ನನ್ನ ಸಾರಿಗೆ ನಿಂಬೆ ಹಿಂಡೋರು ಯಾರೋ! ಅದೂ ಎಡಗೈಲಿ!"

ಡೀನ್ ಕೂಡ ಕರ್ಚೀಫು ಬಾಯಿಗೆ ಹಿಡಿದು ನಗುತ್ತಿದ್ದರು. ಮುಂದಿನ ಸಾಲಿನಲ್ಲಿ ಕತಿಯುಸ್ಕಾ ಹೆಬ್ಬೆರಳು ಎತ್ತಿ ತೋರಿಸಿದಳು. ಇನ್ನೊಂದು ಕೈಯಲ್ಲಿ ಅವಳ ಫೋನು ಸಿದ್ಧವಾಗಿತ್ತು.

ನಾರ್ಸಿಸಾ ಮೈಕಿನ ಮುಂದೆ ನಿಂತಳು. ಬರೆದು ತಂದಿದ್ದ ಹಾಳೆಯನ್ನು ನೋಡಿದಳು. ಮಡಿಸಿದಳು. ಜೇಬಿಗೆ ಹಾಕಿಕೊಂಡಳು.

ಹಿಂದಿನಿಂದ ಯಾರೋ ಕೂಗಿದರು: "ಗಟ್ಟಿಯಾಗಿ! ಕೇಳಿಸ್ತಿಲ್ಲ!"

"ಇನ್ನೂ ಶುರು ಮಾಡಿಲ್ಲಪ್ಪಾ," ಎಂದಳು ನಾರ್ಸಿಸಾ. "ಬೊಂಬೆಗೂ ಉಸಿರು ಎಳ್ಕೊಳ್ಳೋಕೆ ಟೈಮ್ ಬೇಕು."

ನಗು ಎದ್ದಿತು. ಈ ಸಲ ಅದು ಅವಳ ಪರವಾದ ನಗು!

"ಸಾಯ್ತಾ ಇರೋ ಹಳೇ ವರ್ಷ ನಾನು. ನನ್ನ ಆಸ್ತಿ ಹಂಚ್ತಿದ್ದೀನಿ. ಡೀನ್ ಅವರಿಗೆ ನಮ್ಮ ಕ್ಲಾಸಿನ ಫ್ಯಾನು. ತಿರುಗಲ್ಲ, ಆದ್ರೂ ನಮ್ಮ ನೆನಪಿಗೆ ಮನೇಲಿ ಹಾಕ್ಕೊಳ್ಳಿ. ಸೆವಾಯೋಸ್ ಮೇಡಂಗೆ ನಾವು ಬರೆದ ಅಷ್ಟೂ ಕೆಟ್ಟ ವಾಕ್ಯ. ಸುಡೋಕೆ ಸೌದೆ ಸಾಲದಿದ್ರೆ ಬಳಸ್ಕೊಳ್ಳಿ."

ಅಮ್ಮ ರಟ್ಟಿನ ತಲೆಯ ಮೇಲೆ ಕಾಗದ ಅಂಟಿಸುವ ಹಾಗೆ ಒಂದರ ಮೇಲೊಂದು ಮಾತು ಬಂದು ಕೂತಿತು.

"ನನ್ನ ಹೆಂಡತಿ ಜೋಫ್ರೆ ಅವಿಲೇಸ್ ಇದ್ದಾಳಲ್ಲ, ಅವಳಿಗೆ..." ನಾರ್ಸಿಸಾ ಒಂದು ಗಳಿಗೆ ನಿಂತಳು. ವಿಧವೆಯ ಅಳು ನಿಂತುಹೋಯಿತು. "ಮೊದಲ ದಿನ ಒಂದು ಹುಡುಗಿ ಮೇಲೆ ಎಸೆದ ಜೋಕು ವಾಪಸ್. ಅದು ಆ ಹುಡುಗಿಗೆ ನಿಜವಾಗ್ಲೂ ನೋವು ಮಾಡ್ತು. ಇವತ್ತಿನವರೆಗೂ ಮಾಡ್ತು. ಆ ಜೋಕನ್ನ ನೀನೇ ಇಟ್ಕೋ, ಮರೀಬೇಡ. ಆದ್ರೆ ನೀನು ಮಾಡದೇ ಇದ್ದ ಇನ್ನೊಂದು ತಪ್ಪನ್ನೂ ನಿನ್ನ ತಲೆಗೆ ಕಟ್ಟಿದ್ರು. ಅದನ್ನ ಇವತ್ತು ಬಿಚ್ತಿದ್ದೀನಿ."

ಅವಳು ಮುಂದಿನ ಸಾಲಿನ ಕಡೆ ತಿರುಗಿದಳು.

"ಇನ್ನು ನನ್ನ ಪ್ರೀತಿಯ ಕತಿಯುಸ್ಕಾಗೆ... ಒಂದು ಟಿಶ್ಯೂ. ಒಂದು ಕೈಲಿ ನನ್ನ ಅಳು ವಿಡಿಯೋ ಮಾಡ್ತಾ, ಇನ್ನೊಂದು ಕೈಲಿ ನಂಗೆ ಕೊಟ್ಯಲ್ಲ, ಅದೇ ಟಿಶ್ಯೂ. ವಿಡಿಯೋ ಕೊನೇಲಿ ನಿನ್ನ ಉಂಗುರ ತುಂಬಾ ಚೆನ್ನಾಗಿ ಕಾಣುತ್ತೆ ಕಣೇ. ಎಲ್ಲರೂ ಇನ್ನೊಂದ್ಸಲ ನೋಡಿ. ತಗೋ ಕತಿಯುಸ್ಕಾ. ಇನ್ನೂ ಒದ್ದೆ ಆರಿಲ್ಲ. ಈಗ ನಿಂಗೇ ಬೇಕಾಗುತ್ತೆ."

ಅಂಗಳದಲ್ಲಿ ಒಂದೊಂದೇ ತಲೆ ಮುಂದಿನ ಸಾಲಿನತ್ತ ತಿರುಗಿತು. ಅಲ್ಲಲ್ಲಿ ಫೋನುಗಳು ಹೊರಬಂದವು.

ಕತಿಯುಸ್ಕಾ ನಗಲು ನೋಡಿದಳು. ನಗಲೇಬೇಕಿತ್ತು, ಊರಿನ ಕಟ್ಟಳೆ! ತುಟಿ ಅಗಲವಾಯಿತು, ನಗು ಬರಲಿಲ್ಲ. ಉಂಗುರದ ಕೈಯನ್ನು ಇನ್ನೊಂದು ಕೈಯ ಕೆಳಗೆ ಬಚ್ಚಿಟ್ಟುಕೊಂಡಳು. ಡೀನ್ ಅವಳನ್ನೇ ನೋಡುತ್ತಿದ್ದರು.

ನಾರ್ಸಿಸಾ ಆ ಮುಖವನ್ನು ಕಣ್ತುಂಬ ನೋಡಿದಳು. ಕಣ್ಣು ತಪ್ಪಿಸಲಿಲ್ಲ. ಅಯ್ಯೋ ಪಾಪ ಎನ್ನಲಿಲ್ಲ. ಸೇಡು ತೀರಿತ್ತು.

*

ಚಪ್ಪಾಳೆ, ಗದ್ದಲ ಎಲ್ಲ ಇಳಿದ ಮೇಲೆ ಬೊಂಬೆಯ ಬಳಿ ಇಬ್ಬರೇ ಉಳಿದರು. ವಿಧವೆಯ ಮುಖದ ಮೇಲೆ ಕಾಡಿಗೆ ಇಳಿದು ಎರಡು ಕಪ್ಪು ಗೆರೆ ಮೂಡಿತ್ತು.

"ನಾಟಕ ಮುಗೀತಲ್ಲ, ಇನ್ನೂ ಯಾಕೆ ಅಳ್ತಿದ್ದೀಯಾ?" ನಾರ್ಸಿಸಾ ಕೇಳಿದಳು.

"ನಾಟಕ ಮುಗಿದ ಮೇಲೇ ಶುರುವಾಗಿದ್ದು ಇದು," ಜೋಫ್ರೆ ಮುಸುಕಿನ ತುದಿಯಿಂದ ಮೂಗು ಒರೆಸಿಕೊಂಡ.

"ವಿಡಿಯೋ ನೀನು ಮಾಡಿಲ್ಲ ಅಂತ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಂದಿದ್ದೆ. ನೀನು ಗಟ್ಟಿಯಾಗಿ ಮಾತಾಡು ಅಂದೆ. ಆಮೇಲೆ ಮನೇಲಿ ಕೂತು ಯೋಚ್ನೆ ಮಾಡ್ದೆ... ನಾನು ಆ ಮಾತು ಆಡದೇ ಇದ್ದಿದ್ರೆ ಆ ವಿಡಿಯೋದಲ್ಲಿ ಇರೋದೇನು? ಒಬ್ಬಳು ಹುಡುಗಿ ತನ್ನ ಅಮ್ಮನ ಬಗ್ಗೆ ಓದ್ತಿದ್ದಾಳೆ, ಅಷ್ಟೇ. ಅದನ್ನ ನೋಡಿ ನಗೋ ಹಾಗೆ ಮಾಡಿದ್ದು ನಾನೇ ತಾನೇ?"

"ಅದಕ್ಕೆ ಸುಡಿಸ್ಕೊಳ್ಳೋಕೆ ಅಂಗಿ ತಂದ್ಕೊಟ್ಯಾ? ಹುಚ್ಚ!"

"ಹ್ಞೂಂ." ಅವನು ತಲೆ ತಗ್ಗಿಸಿದ. "ಪ್ರತಿ ವಾರ ನಿನ್ನ ಕೈಲಿ ಬೈಸ್ಕೊಳ್ಳೋಕೆ ಕಾಯ್ತಿದ್ದೆ ಕಣೇ. ನಿಂಬೆ ಹಿಂಡೋದು, ಕೂದಲು ತೀಡೋದು... ನಮ್ಮಮ್ಮನೂ ನನ್ನ ಇಷ್ಟು ಗಮನಿಸಿಲ್ಲ. ಬೈಸ್ಕೊಂಡು ಬೈಸ್ಕೊಂಡು ಪ್ರೀತಿ ಬಂದ್ಬಿಡ್ತು. ನಗ್ಬೇಕು ಅನಿಸಿದ್ರೆ ನಗು. ಇವತ್ತು ನಿನ್ನ ಸರದಿ."

ನಾರ್ಸಿಸಾ ನಗಲಿಲ್ಲ. ಅವನ ಮುಖವನ್ನೇ ನೋಡಿದಳು. ದ್ವೇಷಿಸಲು ಎಂದು ನೋಡಿ ನೋಡಿ ಬಾಯಿಪಾಠವಾದ ಮುಖ ಇದು...

ಸೆವಾಯೋಸ್ ಮೇಡಂ ದೂರದಿಂದ ಕೂಗಿದರು. "ಬೆಂಕಿ ಹಚ್ಚೋಣ್ವಾ ಮಕ್ಕಳೇ?"

"ಒಂದ್ನಿಮಿಷ ಮೇಡಂ!"

ಅವಳು ಬೊಂಬೆಯ ಮುಂದೆ ಮಂಡಿಯೂರಿ ಹಳದಿ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಅಂಗಿ ಮಡಿಸಿ ಎದೆಗೆ ಒತ್ತಿ ಹಿಡಿದಳು. ಬರೀ ಕಾಗದದ ಬೊಂಬೆಗೆ ಮೇಡಂ ಬೆಂಕಿ ತಾಗಿಸಿದರು. ಭಗ್ಗೆಂದು ಹತ್ತಿಕೊಂಡಿತು. ಅವನು ಹೆಚ್ಚಾಗಿಯೇ ತುಂಬಿದ್ದ!

"ನನ್ನ ಅಂಗಿ?" ಜೋಫ್ರೆ ಮೆಲ್ಲಗೆ ಕೇಳಿದ.

"ಕೊಡಲ್ಲ. ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ."

"ಇಟ್ಕೋ. ಸಿಟ್ಟನ್ನೂ ಇಟ್ಕೋ. ಅದು ಇದ್ರೇನೇ ನೀನು ಚೆನ್ನಾಗಿ ಬರೆಯೋದು."

ಬೆಂಕಿಯ ಬೆಳಕು ಇಬ್ಬರ ಮುಖದ ಮೇಲೂ ಕುಣಿಯಿತು. ಅವನು ತುಸು ಹತ್ತಿರ ಬಂದ.

"ಒಂದು ಕೇಳ್ಲಾ? ಆವತ್ತು ನೀನು ಮೂರು ಸಾಲು ಓದಿದೆ. ನಾಲ್ಕನೇದನ್ನ ನಾನು ಹಾಳು ಮಾಡ್ದೆ. ಆವತ್ತಿಂದ ಕಾಯ್ತಿದ್ದೀನಿ, ನೀನು ಅದನ್ನ ಬ್ಲಾಗಲ್ಲೂ ಬರೀಲಿಲ್ಲ. ಏನಿತ್ತು ಅದರಲ್ಲಿ?"

ನಾರ್ಸಿಸಾಳ ಗಂಟಲು ಮತ್ತೆ ಬಿಗಿಯಿತು. ಇಷ್ಟು ಜನರ ಮುಂದೆ ಕಟ್ಟದ ಗಂಟಲು ಈಗ, ಒಬ್ಬನ ಮುಂದೆ!

"ನನಗೆ... ಗಟ್ಟಿಯಾಗಿ ಹೇಳೋಕೆ ಆಗಲ್ಲ."

"ಮೆಲ್ಲಗೇ ಹೇಳು," ಎಂದ ಅವನು, ಮುಸುಕು ಸರಿಸಿ ಕಿವಿ ಅವಳ ತುಟಿಯ ಹತ್ತಿರ ತಂದು. "ನಂಗೆ ಕೇಳಿಸುತ್ತೆ."

ಅವಳು ಕಣ್ಣು ಮುಚ್ಚಿದಳು.

"ಅಮ್ಮ ಮಾಡಿದವರಲ್ಲಿ ಸುಡದೆ ಉಳಿದವಳು ನಾನೊಬ್ಬಳೇ."

ಅವನ ಮುಖದ ಕಪ್ಪು ಗೆರೆಗಳ ಮೇಲೆ ಇನ್ನೊಂದು ಹನಿ ಇಳಿಯಿತು. ಅವನ ಕೈ ಅವಳ ಕೈ ಹುಡುಕಿಕೊಂಡು ಬಂತು.

"ಕೇಳಿಸ್ತಾ?" ಅವಳು ಪಿಸುಗುಟ್ಟಿದಳು.

"ಕೇಳಿಸ್ತು... ಇನ್ನೊಂದ್ಸಲ ಹೇಳು."